ಸ್ಮೃತಿಗೂ ಅತಿಚಾರವುಂಟು

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಒಂದೊಂದಕ್ಕೂ ಐದೈದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಎಣಿಸುತ್ತದೆ. ಪರ್ವಕಾಲದಲ್ಲಿ ಈ ಅರವತ್ತನ್ನೂ ಬಾಯಿಪಾಠವಾಗಿ ಒಪ್ಪಿಸುವ ಹಿರಿಯರು ಬಸದಿಗಳಲ್ಲಿ ಇಂದಿಗೂ ಇದ್ದಾರೆ. ಆದರೆ ಆ ಪಟ್ಟಿಯಲ್ಲಿರುವ ಒಂದು ವಿಶೇಷದ ಬಳಿ ನಿಂತು ಯೋಚಿಸುವವರು ವಿರಳ. ದಿಗ್ವ್ರತದ ಕಡೆಯ ಅತಿಚಾರ ಸ್ಮೃತ್ಯಂತರಾಧಾನ. ಸಾಮಾಯಿಕದ ಕಡೆಯದು ಸ್ಮೃತ್ಯನುಪಸ್ಥಾನ. ಪ್ರೋಷಧೋಪವಾಸದ ಕಡೆಯದೂ ಅದೇ. ಮೂರು ವ್ರತಗಳ ದೋಷಗಳನ್ನು ಎಣಿಸುತ್ತ ಬಂದ ಉಮಾಸ್ವಾಮಿ ಆಚಾರ್ಯರು ಮೂರು ಕಡೆಯೂ ಕೊನೆಗೆ ನೆನಪಿನ ಬಾಗಿಲಿಗೇ ಬಂದು ನಿಂತಿದ್ದಾರೆ.

ಲೋಕವ್ಯವಹಾರದಲ್ಲಿ ಮರೆವು ಕ್ಷಮೆಗೆ ಕಾರಣವೇ ಹೊರತು ದೋಷವಲ್ಲ. "ಮರೆತೆ" ಎಂದವನನ್ನು ಸಾಲಕೊಟ್ಟವನೂ ಒಂದು ದಿನದ ಮಟ್ಟಿಗೆ ಬಿಟ್ಟುಬಿಡುತ್ತಾನೆ. ಮನುಷ್ಯನ ವಶದಲ್ಲಿಲ್ಲದ ಮರೆವನ್ನು, ಮನಸ್ಸು ತಿಳಿದು ಮಾಡುವ ದೋಷಗಳ ಸಾಲಿನಲ್ಲಿ ಇರಿಸಬಹುದೇ ಎಂಬ ಪ್ರಶ್ನೆ ಸಹಜವಾದುದು. ಇದಕ್ಕೆ ಉತ್ತರವನ್ನು ವ್ರತಪ್ರಕರಣದಲ್ಲಿ ಮಾತ್ರ ಹುಡುಕಿದರೆ ಸಾಲದು. ಜ್ಞಾನಪ್ರಕರಣದಲ್ಲಿ ಸ್ಮೃತಿ ಎಂದರೆ ಏನೆಂದು ಹೇಳಿದೆಯೋ ಅಲ್ಲಿಂದ ಹೊರಡಬೇಕು.

ಮತಿಜ್ಞಾನಕ್ಕೆ ನಾಲ್ಕು ಮೆಟ್ಟಿಲು: ಅವಗ್ರಹ, ಈಹೆ, ಅವಾಯ, ಧಾರಣೆ. ದೂರದಲ್ಲಿ ಬೆಳ್ಳಗಿರುವ ಏನೋ ಒಂದು ಕಂಡಿತು, ಅದು ಅವಗ್ರಹ. ಬೆಳ್ಳಕ್ಕಿಯೋ ಪತಾಕೆಯೋ ಎಂದು ವಿಶೇಷವನ್ನರಿಯಲು ಮನಸ್ಸು ತೊಡಗಿತು, ಅದು ಈಹೆ. ಮೇಲೇರಿ ಕೆಳಗಿಳಿದು ರೆಕ್ಕೆ ಬಡಿಯಿತು, ಆದ್ದರಿಂದ ಬೆಳ್ಳಕ್ಕಿಯೇ ಎಂದು ನಿರ್ಣಯವಾಯಿತು, ಅದು ಅವಾಯ. ಕಾಲಾಂತರದಲ್ಲಿಯೂ ಮರೆಯದಂತೆ ಆ ನಿರ್ಣಯ ನೆಲೆನಿಂತಿತು, ಅದೇ ಧಾರಣೆ. ಧಾರಣೆಯಿಂದುಳಿದ ಸಂಸ್ಕಾರವು ಯಾವುದೋ ನಿಮಿತ್ತದಿಂದ ಎಚ್ಚತ್ತಾಗ "ಅದು" ಎಂಬ ಆಕಾರದಲ್ಲಿ ಏಳುವ ಜ್ಞಾನಕ್ಕೆ ಸ್ಮೃತಿಯೆಂದು ಹೆಸರು. ಮೀಮಾಂಸಕರೂ ನೈಯಾಯಿಕರೂ ಸ್ಮೃತಿಯನ್ನು ಪ್ರಮಾಣಗಳಲ್ಲಿ ಸೇರಿಸಲಿಲ್ಲ. ಅಕಲಂಕದೇವರು ಸೇರಿಸಿದರು. ಸ್ಮೃತಿಯನ್ನು ನಂಬದೆ ಅನುಮಾನವಿಲ್ಲ, ಕೊಟ್ಟು ಕೊಳ್ಳುವ ವ್ಯವಹಾರವೂ ಇಲ್ಲ ಎಂಬುದು ಜೈನ ನ್ಯಾಯದ ಪಕ್ಷ.

ಆದರೆ ಪ್ರಮಾಣವೆಂದು ಪೀಠ ಕೊಟ್ಟವರೇ ಅದಕ್ಕೆ ಕಾವಲನ್ನೂ ಇಟ್ಟರು. ಮಾಣಿಕ್ಯನಂದಿ ಆಚಾರ್ಯರು ಪರೀಕ್ಷಾಮುಖದಲ್ಲಿ ಪ್ರಮಾಣಾಭಾಸಗಳನ್ನು ಹೇಳುವಾಗ ಸ್ಮರಣಾಭಾಸವನ್ನೂ ಹೇಳಿದ್ದಾರೆ: ಹಿಂದೆ ಕಂಡವನು ಜಿನದತ್ತ, ನೆನಪಿನಲ್ಲಿ ಎದ್ದುಬಂದವನು ದೇವದತ್ತ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಹೀಗೆ ನೆನೆಯುವವನು ಸುಳ್ಳು ಹೇಳುತ್ತಿಲ್ಲ, ಮರೆತೂ ಇಲ್ಲ. ಅವನಿಗೆ ನೆನಪಿದೆ, ಸ್ಪಷ್ಟವಾಗಿಯೇ ಇದೆ, ಆದರೆ ಅದು ತಪ್ಪು. ನೆನಪಿನ ಸ್ಪಷ್ಟತೆಯು ಅದರ ಸತ್ಯಕ್ಕೆ ಸಾಕ್ಷಿಯಲ್ಲ.

ಈ ಆಭಾಸ ಹೇಗೆ ಹುಟ್ಟುತ್ತದೆ? ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಫ್ರೆಡರಿಕ್ ಬಾರ್ಟ್‌ಲೆಟ್ ಎಂಬ ಮನಶ್ಶಾಸ್ತ್ರಜ್ಞರು ೧೯೩೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ಪ್ರಯೋಗವಿದೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಅವರು ಆಂಗ್ಲರಿಗೆ ಓದಲು ಕೊಟ್ಟು, ದಿನಗಳು ತಿಂಗಳುಗಳು ಕಳೆದ ಮೇಲೆ ಮತ್ತೆ ಮತ್ತೆ ಹೇಳಿಸಿದರು. ಮರ ಕೊರೆದು ಮಾಡಿದ ಹರಿಗೋಲು ಸಾಮಾನ್ಯ ದೋಣಿಯಾಯಿತು. ಸೀಲ್ ಎಂಬ ಕಡಲಪ್ರಾಣಿಯ ಬೇಟೆ ಮೀನು ಹಿಡಿಯುವುದಾಯಿತು. ಅರ್ಥವಾಗದ ಪ್ರೇತಗಳು ಕಥೆಯಿಂದ ಮೆಲ್ಲಗೆ ಹೊರನಡೆದವು. ಹೇಳಿದವರು ಬೇಕೆಂದು ಬದಲಿಸಲಿಲ್ಲ. ಅವರು ಬಾಳಿದ ಬಾಳು ತನಗೆ ಪರಿಚಿತವಾದುದನ್ನಷ್ಟೇ ಉಳಿಸಿ, ಅಪರಿಚಿತವಾದುದನ್ನು ಪರಿಚಿತದ ಅಚ್ಚಿಗೆ ಎರೆಯಿತು. ಹೊಸ ಸಂಸ್ಕಾರವು ಹಳೆಯ ಸಂಸ್ಕಾರದ ಮೇಲೆ ಬೀಳುತ್ತದೆ, ಎಚ್ಚರಗೊಳ್ಳುವಾಗ ಎರಡೂ ಕೂಡಿಯೇ ಏಳುತ್ತವೆ ಎಂದು ಶಾಸ್ತ್ರದ ಮಾತಿನಲ್ಲಿ ಇದನ್ನು ಹೇಳಬಹುದು.

ಪುಸ್ತಕದ ಕಥೆಯ ಗತಿಯೇ ಹೀಗಾದರೆ ಬಾಳಿನ ಕಥೆಯ ಗತಿ ಏನು ಎಂಬುದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನಲ್ಲಿ ಆರ್.ಎಚ್. ಕ್ಯಾಂಪ್ ಎಂದು ಕರೆಯುವ, ಸಂಖ್ಯೆಗಳಿಂದ ಗುರುತಿಸುವ ವಸತಿಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ 'ಕ್ಯಾಂಪ್' ಎಂಬ ಮಾತು ಹೊಸದಲ್ಲ. ನೀರಾವರಿ ಬಂದಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳಿಗೂ ಅದೇ ಹೆಸರು. ಆದರೆ ಆರ್.ಎಚ್. ಎಂಬ ಎರಡು ಅಕ್ಷರಗಳು ಪುನರ್ವಸತಿ ಎಂಬರ್ಥದ ಆಂಗ್ಲಪದದಿಂದ ಬಂದವು. ದೇಶವಿಭಜನೆಯ ತರುವಾಯ, ವಿಶೇಷವಾಗಿ ೧೯೬೪ರ ಗಲಭೆಗಳ ತರುವಾಯ, ಪೂರ್ವ ಪಾಕಿಸ್ತಾನವನ್ನು ಬಿಟ್ಟು ಬಂದ ಬಂಗಾಳಿ ಕುಟುಂಬಗಳಲ್ಲಿ ಕೆಲವನ್ನು ಸರ್ಕಾರವು ಇಲ್ಲಿ ನೆಲೆಗೊಳಿಸಿತು. ನದಿ, ಕೆರೆ, ಕೊಳಗಳ ನಡುವೆ ಹುಟ್ಟಿದವರು ಎರೆಭೂಮಿಯ ಬಿಸಿಲಿನಲ್ಲಿ ಗುಡಿಸಲು ಹಾಕಿದರು. ಈಗ ಅವರ ಮೊಮ್ಮಕ್ಕಳು ಮನೆಯಲ್ಲಿ ಬಂಗಾಳಿಯನ್ನೂ ಹೊರಗೆ ಕನ್ನಡವನ್ನೂ ಆಡುತ್ತಾರೆ.

ಇಂಥ ಒಂದು ಮನೆಯ ವೃದ್ಧೆಯನ್ನು ದೃಷ್ಟಾಂತಕ್ಕಾಗಿ ಭಾವಿಸಿಕೊಳ್ಳೋಣ. ಮೊಮ್ಮಗನು "ಠಾಕುಮಾ, ನಿಮ್ಮ ದೇಶ ಹೇಗಿತ್ತು?" ಎಂದು ಕೇಳುತ್ತಾನೆ. ಬಂಗಾಳಿಯಲ್ಲಿ 'ದೇಶ' ಎಂದರೆ ಹುಟ್ಟೂರೂ ಹೌದು. ಅಂಗಳದ ಮುಂದೆ ಕೊಳವಿತ್ತು, ಅಡಕೆಯ ಮರಗಳಿದ್ದವು, ಯಾರೂ ಹಸಿದಿರಲಿಲ್ಲ ಎಂದು ಅವಳು ಹೇಳುತ್ತಾಳೆ. ವರ್ಷ ಕಳೆದಂತೆ ಕೊಳ ದೊಡ್ಡದಾಗುತ್ತದೆ. ಆದರೆ ಅವಳ ಬಾಲ್ಯದಲ್ಲಿಯೇ, ೧೯೪೩ರಲ್ಲಿ, ಲಕ್ಷೋಪಲಕ್ಷ ಜನರನ್ನು ಕೊಂದ ಬರಗಾಲ ಬಂಗಾಳವನ್ನು ಹಾದುಹೋಗಿತ್ತು. ಅದು ಅವಳ ಕಥೆಯಲ್ಲಿ ಇಲ್ಲ. ಆಮೇಲಿನ ಅಗಲಿಕೆಯು ಮುಂಚಿನ ಊರಿಗೆ ಬೇರೆಯ ಬಣ್ಣ ಬಳಿದಿದೆ. ಈ ಬಣ್ಣ ಒಬ್ಬಳದೇ ಅಲ್ಲ. ಬಿಟ್ಟುಬಂದ ಊರುಗಳನ್ನು ಕುರಿತು ಕಲ್ಕತ್ತೆಯ 'ಯುಗಾಂತರ' ಪತ್ರಿಕೆಯಲ್ಲಿ ಬಂದ ಬರಹಗಳನ್ನು ಪರಿಶೀಲಿಸಿದ ಇತಿಹಾಸಕಾರ ದೀಪೇಶ್ ಚಕ್ರವರ್ತಿಯವರು, ಅಲ್ಲಿನ ಗ್ರಾಮವು ಎಷ್ಟು ಸುಂದರವಾಗಿ ಚಿತ್ರಿತವಾಗಿದೆ, ನೆರೆಯ ಮುಸಲ್ಮಾನನ ಬಾಳು ಆ ಚಿತ್ರದಲ್ಲಿ ಎಷ್ಟು ಕಡಮೆ ಸ್ಥಳ ಪಡೆದಿದೆ ಎಂಬುದನ್ನು ತೋರಿಸಿಕೊಟ್ಟಿದ್ದಾರೆ.

ಇದನ್ನು ಹೇಳಿದ್ದು ಆ ವೃದ್ಧೆಯನ್ನು ತಿದ್ದಲಿಕ್ಕಲ್ಲ. ಮನೆ ಕಳೆದುಕೊಂಡವಳ ಕೊಳವನ್ನು ಅಳೆಯಲು ಹೊರಡುವವನು ಜ್ಞಾನಿಯಲ್ಲ. ಆದರೆ ನೆನಪಿನ ಈ ಸ್ವಭಾವದಿಂದ ಆಗುವ ಕಷ್ಟಗಳೂ ಉಂಟು. ೨೦೧೯ರ ಪೌರತ್ವ ತಿದ್ದುಪಡಿ ಕಾಯಿದೆಗೆ ೨೦೨೪ರ ಮಾರ್ಚ್‌ನಲ್ಲಿ ನಿಯಮಗಳು ಹೊರಟವು. ಅರ್ಜಿಯಲ್ಲಿ ಭಾರತವನ್ನು ಪ್ರವೇಶಿಸಿದ ದಿನಾಂಕವನ್ನು ಬರೆಯಬೇಕು. ಗಡಿ ದಾಟಿದ ರಾತ್ರಿಯ ಮಳೆ, ಹೆಗಲ ಮೇಲಿದ್ದ ಮಗುವಿನ ಭಾರ, ಇವು ನೆನಪಿನಲ್ಲಿ ಉಳಿಯುವ ವಸ್ತುಗಳು. ದಿನಾಂಕ ಉಳಿಯುವ ವಸ್ತುವಲ್ಲ.

ಉಪವಾಸವ್ರತಕ್ಕೆ ಈ ದೃಷ್ಟಾಂತದ ಸಂಬಂಧವೇನೆಂದು ಕೇಳಬಹುದು. ಸಂಬಂಧವು ಹಸಿವಿನಲ್ಲಿದೆ. ಬರಗಾಲದಲ್ಲಿ, ದಾರಿಯಲ್ಲಿ, ನಿರಾಶ್ರಿತರ ಶಿಬಿರದಲ್ಲಿ ಬಂದ ಹಸಿವನ್ನು ಬೇರೆ ಗತಿಯಿಲ್ಲದೆ ಸಹಿಸಿದರೆ ಅದನ್ನು ಶಾಸ್ತ್ರವು ಅಕಾಮನಿರ್ಜರೆಯೆಂದು ಕರೆಯುತ್ತದೆ. ತಾನೇ ಸಂಕಲ್ಪಿಸಿ, ನಾಲ್ಕು ಬಗೆಯ ಆಹಾರವನ್ನು ತ್ಯಜಿಸಿ ಸಹಿಸಿದ ಹಸಿವು ತಪಸ್ಸು. ಹೊಟ್ಟೆಗೆ ಇವೆರಡರ ಭೇದ ತಿಳಿಯದು. ಜಠರದ ಉರಿ ಒಂದೇ. ಭೇದವಿರುವುದು ಆ ಉರಿಯು ಎಚ್ಚರಿಸುವ ಸಂಸ್ಕಾರದಲ್ಲಿ. ಅಷ್ಟಮಿ ಚತುರ್ದಶಿಗಳಂದು ತಾಯಿಯ ಜೊತೆಗೆ ಏಕಭುಕ್ತ ಮಾಡಿ, ಬಸದಿಯ ಗಂಟೆಯನ್ನು ಕೇಳಿ, ಮರುದಿನ ಎಲ್ಲರ ನಡುವೆ ಪಾರಣೆಗೆ ಕುಳಿತು ಬೆಳೆದ ಮಗುವಿಗೆ ಹಸಿವಿನ ಮೊದಲ ಜಗ್ಗಾಟದಲ್ಲಿಯೇ ಹಬ್ಬದ ನೆನಪು ಬರುತ್ತದೆ. ಅನ್ನವಿಲ್ಲದೆ ಮಲಗಿದ ಬಾಲ್ಯವುಳ್ಳವನಿಗೆ ಅದೇ ಜಗ್ಗಾಟದಲ್ಲಿ ಭಯದ ನೆನಪು ಬರುತ್ತದೆ. ಒಬ್ಬನು ದೃಢವ್ರತಿ, ಇನ್ನೊಬ್ಬನು ದುರ್ಬಲ ಎಂದು ಪಕ್ಕದಲ್ಲಿ ಕುಳಿತವರು ತೀರ್ಪು ಕೊಡುವುದುಂಟು. ಅದು ಅವಿವೇಕ. ಮೊದಲನೆಯವನ ದೃಢತೆಯಲ್ಲಿ ಅರ್ಧ ಅವನ ತಾಯಿಯದು.

ಆದಕಾರಣವೇ ಬಾಹ್ಯತಪಗಳಲ್ಲಿ ಅನಶನದ ಜೊತೆಗೆ ಅವಮೌದರ್ಯವೂ ರಸಪರಿತ್ಯಾಗವೂ ಇವೆ. ಬಡತನದ ಹಸಿವನ್ನು ಕಂಡುಬಂದ ಹೊಸ ವ್ರತಿಕನನ್ನು ದಶಲಕ್ಷಣ ಪರ್ವದ ಹತ್ತು ದಿನವೂ ಅನಶನಕ್ಕೆ ನಿಲ್ಲಿಸಿ ಸಮಾಜದ ಮೆಚ್ಚುಗೆಗೆ ಒಡ್ಡುವುದಕ್ಕಿಂತ, ಎರಡು ತುತ್ತು ಕಡಮೆ ಉಣ್ಣುವುದರಿಂದ, ಒಂದು ರಸವನ್ನು ಬಿಡುವುದರಿಂದ ಆರಂಭಿಸಿಕೊಡುವುದು ಲೇಸು. ಶಕ್ತಿಗನುಸಾರವಾಗಿ ತಪಸ್ಸು ಎಂಬ ಮಾತನ್ನು ದೇಹದ ಶಕ್ತಿಗೆ ಮಾತ್ರ ಅನ್ವಯಿಸುವುದು ರೂಢಿ. ನೆನಪಿನ ಶಕ್ತಿಯೂ ಅದರಲ್ಲಿ ಸೇರಬೇಕು. ಹಳೆಯ ಸಂಸ್ಕಾರದ ಮೇಲೆ ಹೊಸದು ಕೂರಲು ಕಾಲ ಹಿಡಿಯುತ್ತದೆ.

ಕೂರುವಾಗ ಅದು ಎಲ್ಲಿ ಗಟ್ಟಿಯಾಗಿ ಕೂರುತ್ತದೆ ಎಂಬುದೂ ವಿಚಾರಾರ್ಹ. ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ೧೯೯೩ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಒಂದು ಸಲ ಕೈಯನ್ನು ೧೪ ಡಿಗ್ರಿ ಸೆಂಟಿಗ್ರೇಡಿನ ಕೊರೆಯುವ ನೀರಿನಲ್ಲಿ ೬೦ ಸೆಕೆಂಡು ಅದ್ದಿಸಿದರು. ಮತ್ತೊಂದು ಸಲ ಇನ್ನೊಂದು ಕೈಯನ್ನು ಅದೇ ನೀರಿನಲ್ಲಿ ಅಷ್ಟೇ ಹೊತ್ತು ಅದ್ದಿಸಿ, ತೆಗೆಯಗೊಡದೆ, ಮತ್ತೂ ೩೦ ಸೆಕೆಂಡು ಇರಿಸಿ ನೀರನ್ನು ಮೆಲ್ಲಗೆ ೧೫ ಡಿಗ್ರಿಗೆ ಏರಿಸಿದರು. ಯಾವುದನ್ನು ಮತ್ತೆ ಮಾಡುವಿರಿ ಎಂದು ಕೇಳಿದಾಗ ಹೆಚ್ಚಿನವರು ದೀರ್ಘವಾದ ಎರಡನೆಯದನ್ನೇ ಆರಿಸಿದರು. ಅವರ ನೆನಪು ನೋವಿನ ಕಾಲವನ್ನು ಎಣಿಸಲಿಲ್ಲ. ನೋವಿನ ಶಿಖರವನ್ನೂ ಅದರ ಮುಗಿವನ್ನೂ ಮಾತ್ರ ಹಿಡಿದುಕೊಂಡಿತು. ಈಗ ಪ್ರೋಷಧೋಪವಾಸದ ವಿಧಿಯನ್ನು ನೋಡಿ. ಸಪ್ತಮಿಯಂದು ಏಕಭುಕ್ತ, ಅಷ್ಟಮಿಯಂದು ಉಪವಾಸ, ನವಮಿಯಂದು ಮತ್ತೆ ಏಕಭುಕ್ತ. ಉಪವಾಸ ಮುಗಿಯುವುದು ಮೃಷ್ಟಾನ್ನದಲ್ಲಲ್ಲ, ಇನ್ನೊಂದು ಸಂಯಮದಲ್ಲಿ. ಇಂದು ಅನೇಕ ಮನೆಗಳಲ್ಲಿ ಪಾರಣೆಯೆಂದರೆ ಹೋಳಿಗೆ, ಪಾಯಸ, ಬಂಧುಗಳ ಪಂಕ್ತಿ. ಇಂಥ ಪಾರಣೆ ಪಾಪವೇನಲ್ಲ. ಆದರೆ ಮುಂದಿನ ಅಷ್ಟಮಿ ಬಂದಾಗ ವ್ರತಿಕನ ಮನಸ್ಸಿನಲ್ಲಿ ಎಚ್ಚರಗೊಳ್ಳುವುದು ಉಪವಾಸವೋ ಹೋಳಿಗೆಯೋ ಎಂದು ಅವನೇ ಪರೀಕ್ಷಿಸಿಕೊಳ್ಳಲಿ. ಸಲ್ಲೇಖನೆಯ ಅತಿಚಾರಗಳಲ್ಲಿ ಸುಖಾನುಬಂಧವನ್ನು, ಅಂದರೆ ಹಿಂದೆ ಅನುಭವಿಸಿದ ಸುಖವನ್ನು ಮರಳಿ ಮರಳಿ ನೆನೆಯುವುದನ್ನು, ಆಚಾರ್ಯರು ಹೇಳಿದ್ದಾರೆ. ಕೊನೆಯ ಗಳಿಗೆಯ ಆ ನೆನಪು ಕೊನೆಯ ಗಳಿಗೆಯಲ್ಲಿ ಹುಟ್ಟುವಂಥದಲ್ಲ. ಬಾಳಿನ ನೂರಾರು ಪಾರಣೆಗಳಲ್ಲಿ ಅದು ಬಲಿತಿರುತ್ತದೆ.

ಸುಖದ ನೆನಪಿಗಿಂತ ದಾರುಣವಾದುದು ವೈರದ ನೆನಪು. ಪಾರ್ಶ್ವನಾಥ ತೀರ್ಥಂಕರರ ಚರಿತೆಯಲ್ಲಿ ಕಮಠ-ಮರುಭೂತಿಗಳೆಂಬ ಅಣ್ಣತಮ್ಮಂದಿರ ಕಥೆ ಎಲ್ಲರಿಗೂ ತಿಳಿದುದೇ. ತಮ್ಮನ ಹೆಂಡತಿಯ ವಿಷಯದಲ್ಲಿ ತಪ್ಪಿ ನಡೆದವನು ಕಮಠ. ಆದರೂ ಅವನು ಬಾಳಿದ್ದು ತಾನೇ ಅನ್ಯಾಯಕ್ಕೊಳಗಾದೆನೆಂಬ ನೆನಪಿನಲ್ಲಿ. ತಮ್ಮನು ಬಂದು ಎರಗಿದಾಗ ಅವನ ತಲೆಯ ಮೇಲೆ ಕಲ್ಲು ಎತ್ತಿಹಾಕಿದ. ನಡೆದ ಸಂಗತಿ ಒಂದೇ. ಕಷಾಯದ ಲೇಪದಿಂದ ಒಬ್ಬನಲ್ಲಿ ಅದು ಜನ್ಮಜನ್ಮಾಂತರಕ್ಕೆ ಹರಿಯುವ ಹಗೆಯಾಯಿತು. ಮರುಭೂತಿಯಾದರೋ ವಜ್ರಘೋಷವೆಂಬ ಆನೆಯಾಗಿ ಹುಟ್ಟಿ, ಕಾಡಿನಲ್ಲಿ ಬಂದಿಳಿದವರನ್ನು ತುಳಿಯುತ್ತ ಬಂದು, ಅರವಿಂದ ಮುನಿಗಳನ್ನು ಕಂಡೊಡನೆ ಜಾತಿಸ್ಮರಣೆಯಾಗಿ ನಿಂತುಬಿಟ್ಟಿತು. ಅದು ತನ್ನನ್ನು ಕೊಂದವನನ್ನು ಹುಡುಕಲು ಹೊರಡಲಿಲ್ಲ, ಅಣುವ್ರತಗಳನ್ನು ತೆಗೆದುಕೊಂಡಿತು. ಬೇರೆ ಆನೆಗಳು ಕಲಕಿದ ನೀರನ್ನು ಕುಡಿದು, ಒಣಗಿದ ಎಲೆಯನ್ನು ತಿಂದು ಬಾಳಿತು. ನೆನಪು ಬಂದುದಷ್ಟೇ ಅದನ್ನು ಎತ್ತಲಿಲ್ಲ. ಕಮಠನ ಜೀವವೂ ಹಗೆಯ ಸಂಸ್ಕಾರವನ್ನು ಮರೆಯಲಿಲ್ಲವಲ್ಲ! ಯಾವ ಭಾವದಲ್ಲಿ ನೆನೆಯಿತು ಎಂಬುದೇ ಎರಡು ಜೀವಗಳ ದಾರಿಯನ್ನು ಬೇರೆಮಾಡಿತು.

ಆರ್.ಎಚ್. ಕ್ಯಾಂಪಿನ ಮಾತು ಇಲ್ಲಿ ಮತ್ತೆ ಪ್ರಸ್ತುತವಾಗುತ್ತದೆ. ನೆಲ ಕಳೆದುಕೊಂಡವರ ದುಃಖಕ್ಕೂ ಕಮಠನ ಹಗೆಗೂ ಹೋಲಿಕೆಯಿಲ್ಲ. ಅನ್ಯಾಯ ಅವರಿಗೆ ನಿಜವಾಗಿಯೇ ಆಗಿದೆ. ಆದರೆ ಆ ದುಃಖವು ಇಲ್ಲಿ ಹುಟ್ಟಿದ, ಗಡಿಯನ್ನೇ ಕಾಣದ ಮೊಮ್ಮಗನಿಗೆ ದಾಟುವಾಗ ಯಾವ ಭಾವದಲ್ಲಿ ದಾಟುತ್ತದೆ ಎಂಬುದು ಹೇಳುವವರ ಕೈಯಲ್ಲಿದೆ. ಕೊಳ ದೊಡ್ಡದಾದರೆ ಹಾನಿಯಿಲ್ಲ. ಹಗೆ ದೊಡ್ಡದಾದರೆ ಮೊಮ್ಮಗನು ತಾನು ಕಾಣದವರ ಮೇಲೆ ಕಲ್ಲು ಎತ್ತಬೇಕಾಗುತ್ತದೆ. ಇದು ಬಂಗಾಳಿಗಳ ಮನೆಯ ಮಾತು ಮಾತ್ರವೆಂದು ತಿಳಿಯಬಾರದು. ಅಣ್ಣತಮ್ಮಂದಿರ ಪಾಲಿನ ಜಗಳ, ಬಸದಿಯ ಆಡಳಿತದ ವ್ಯಾಜ್ಯ, ಮದುವೆಯಲ್ಲಿ ಆದ ಅವಮಾನ, ಇವು ಶ್ರಾವಕರ ಮನೆಗಳಲ್ಲಿ ಎರಡು ಮೂರು ತಲೆಮಾರು ಬೆಳೆದುಬಂದಿರುವುದನ್ನು ಎಲ್ಲರೂ ಬಲ್ಲರು. ಮೊದಲು ಆಡಿದ ಮಾತೊಂದು, ಈಗ ನೆನಪಿನಲ್ಲಿರುವ ಮಾತೊಂದು.

ಪ್ರತಿಕ್ರಮಣವನ್ನು ವರ್ಷಕ್ಕೊಮ್ಮೆ ಮಾತ್ರ ಇಡದೆ ದಿನದ ಕೊನೆಗೂ ರಾತ್ರಿಯ ಕೊನೆಗೂ ಇಟ್ಟುದರ ಔಚಿತ್ಯ ಇಲ್ಲಿ ತಿಳಿಯುತ್ತದೆ. ತಪ್ಪು ಇನ್ನೂ ಹಸಿಯಾಗಿರುವಾಗ, ಮನಸ್ಸು ಅದಕ್ಕೆ ಸಮರ್ಥನೆಯನ್ನು ಹೊಲಿದು ತೊಡಿಸುವ ಮುನ್ನ, ಅದನ್ನು ಇದ್ದಂತೆ ನೋಡಿಬಿಡಬೇಕು. ಒಂದು ತಿಂಗಳ ಮೇಲೆ ನೋಡಿದರೆ ಕಾಣುವುದು ತಪ್ಪಲ್ಲ, ತಪ್ಪಿನ ಬಗೆಗೆ ತಾನು ಹೇಳಿಕೊಂಡ ಕಥೆ.

ಪರರ ಮರೆವಿನ ಲಾಭವನ್ನು ಪಡೆಯುವುದಂತೂ ಮತ್ತೂ ಸೂಕ್ಷ್ಮವಾದ ದೋಷ. ಸತ್ಯಾಣುವ್ರತದ ಅತಿಚಾರವಾದ ನ್ಯಾಸಾಪಹಾರಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ವಿವರಣೆ ಹೀಗಿದೆ: ಚಿನ್ನವನ್ನು ಒತ್ತೆಯಿಟ್ಟವನು ಸಂಖ್ಯೆಯನ್ನು ಮರೆತು ಕಡಮೆಯಾಗಿ ಕೇಳುತ್ತಾನೆ; ಇಟ್ಟುಕೊಂಡವನು "ಹೌದು, ಅಷ್ಟೇ" ಎನ್ನುತ್ತಾನೆ. ಕದ್ದದ್ದಿಲ್ಲ, ಸುಳ್ಳನ್ನು ಹೊಸದಾಗಿ ಕಟ್ಟಿದ್ದೂ ಇಲ್ಲ. ಇನ್ನೊಬ್ಬನ ಕುಂದಿದ ನೆನಪಿಗೆ ತಲೆದೂಗಿದ್ದಷ್ಟೇ. ವೃದ್ಧ ತಂದೆತಾಯಿಗಳ ಆಸ್ತಿಯನ್ನು ನೋಡಿಕೊಳ್ಳುವವರಿಗೆ ಈ ಒಂದು ಅತಿಚಾರದ ಪಾಠ ಸಾಕಷ್ಟು.

ಇನ್ನು ದಿಗ್ವ್ರತ. ದಿಕ್ಕುಗಳಿಗೆ ಮೇರೆಯನ್ನು ಸಮುದ್ರ, ನದಿ, ಕಾಡು, ಬೆಟ್ಟ, ಜನಪದ, ಯೋಜನಗಳಿಂದ ಮಾಡಿಕೊಳ್ಳಬೇಕೆಂದು ಸಮಂತಭದ್ರರು ರತ್ನಕರಂಡಕದಲ್ಲಿ ವಿಧಿಸಿದ್ದಾರೆ. ಮನಸ್ಸಿನೊಳಗಿನ ಗೆರೆ ಸರಿಯುತ್ತದೆ, ನೆಲದ ಮೇಲಿನ ನದಿ ಸರಿಯುವುದಿಲ್ಲ. ಸಿಂಧನೂರಿನ ಒಬ್ಬ ವ್ಯಾಪಾರಿಯು ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಎಂದು ಯಾವಜ್ಜೀವ ಮೇರೆಯನ್ನು ತೆಗೆದುಕೊಂಡನೆಂದು ಇಟ್ಟುಕೊಳ್ಳಿ. ಹತ್ತು ವರ್ಷಗಳಲ್ಲಿ ಬತ್ತದ ವ್ಯಾಪಾರ ಬೆಳೆಯುತ್ತದೆ. ಹೊಳೆಯಾಚೆಯ ಬಳ್ಳಾರಿಯಲ್ಲಿ ಒಳ್ಳೆಯ ದರ ಕೇಳಿಬರುತ್ತದೆ. ಆಗ ಅವನಿಗೆ ನಿಜವಾಗಿಯೂ, ಯಾವ ಕಪಟವೂ ಇಲ್ಲದೆ, ಬಳ್ಳಾರಿಯವರೆಗೆ ಎಂದು ತಾನು ಅಂದದ್ದು ನೆನಪಾಗುತ್ತದೆ. ಕ್ಷೇತ್ರವೃದ್ಧಿಯನ್ನೂ ಸ್ಮೃತ್ಯಂತರಾಧಾನವನ್ನೂ ಸೂತ್ರವು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟದ್ದು ಸುಮ್ಮನೆ ಅಲ್ಲ. ಲೋಭವು ಮೇರೆಯನ್ನು ದಾಟುವ ಮುಂಚೆ ಮೇರೆಯ ನೆನಪನ್ನು ದಾಟಿರುತ್ತದೆ. ಮರೆವು ದೋಷವೇ ಎಂಬ ಮೊದಲ ಪ್ರಶ್ನೆಗೆ ಉತ್ತರ ಇದೇ. ಬರಿಯ ಮರೆವನ್ನು ಯಾರೂ ದೂಷಿಸಲಿಲ್ಲ. ಆದರೆ ವ್ರತದ ಎಡೆಯಲ್ಲಿ ಬರಿಯ ಮರೆವು ಅಪರೂಪ.

ಆದುದರಿಂದ ವ್ರತವನ್ನು ಗುರುಸಾಕ್ಷಿಯಾಗಿ ತೆಗೆದುಕೊಂಡ ದಿನವೇ ಬರೆದಿಡುವ ಪದ್ಧತಿ ಒಳ್ಳೆಯದು. ಸಿಂಧನೂರಿನಿಂದ ಉತ್ತರದ ಕಡೆಗೆ ಮಸ್ಕಿಯಿದೆ. ಅಲ್ಲಿ ೧೯೧೫ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರಿಗೆ ದೊರೆತ ಬಂಡೆಯ ಮೇಲೆ, ಅದುವರೆಗೆ ಶಾಸನಗಳಲ್ಲಿ ಬಿರುದಿನಿಂದ ಮಾತ್ರ ತಿಳಿದಿದ್ದ ದೊರೆಯ ಹೆಸರು ಅಶೋಕನೆಂದು ಕಂಡುಬಂದಿತು. ಇದೇ ಬಗೆಯ ಕಿರು ಶಿಲಾಶಾಸನಗಳ ಪಾಠದಲ್ಲಿ ಆತನು ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತೆಂದು ಎಣಿಸಿ, ಮೊದಲ ಒಂದು ವರ್ಷ ತನ್ನಲ್ಲಿ ಉತ್ಸಾಹ ಸಾಲದಾಗಿತ್ತೆಂದು ಹೇಳಿಕೊಂಡಿದ್ದಾನೆ. ಆತನ ಮತ ಬೇರೆ, ಮಾರ್ಗ ಬೇರೆ. ಆದರೆ ತನ್ನ ಶೈಥಿಲ್ಯದ ವರ್ಷವನ್ನು ಕಲ್ಲಿನಲ್ಲಿ ಕೆತ್ತಿಸಿಡುವ ಧೈರ್ಯ ಎಷ್ಟು ಮಂದಿ ದೊರೆಗಳಿಗಿದ್ದೀತು? ವ್ರತಿಕನಿಗೆ ಬಂಡೆ ಬೇಕಾಗಿಲ್ಲ. ತಿಥಿ, ವಾರ, ಮೇರೆ, ಬಿಟ್ಟ ವಸ್ತು, ಇವನ್ನು ಒಂದು ಹಾಳೆಯಲ್ಲಿ ಬರೆದು ಶಾಸ್ತ್ರದ ಹೊತ್ತಗೆಯಲ್ಲಿಟ್ಟು, ಚತುರ್ದಶಿಗೊಮ್ಮೆ ಮನೆಯವರ ಎದುರಿಗೆ ಓದಬೇಕು. ಬಳ್ಳಾರಿಯ ದರ ಕೇಳಿಬಂದ ವಾರದಲ್ಲಿ ಸಿಂಧನೂರಿನ ಆ ವ್ಯಾಪಾರಿ ಹಾಗೆ ಓದಿದರೆ, ದಕ್ಷಿಣಕ್ಕೆ ತುಂಗಭದ್ರೆ ಎಂದಷ್ಟೇ ಅದರಲ್ಲಿರುತ್ತದೆ.